ಮುಟ್ಟದೆ ನೋಡುವ ವಿದ್ಯೆ

ಅಳಿಸಿಹಾಕಿದ ಫೈಲನ್ನು ಹುಡುಕಿ ತೆಗೆಯುವವರಿಗೂ ಒಂದು ಪರೀಕ್ಷೆಯಿದೆ. ಅದನ್ನು ಬರೆಯಹೊರಟವನಿಗೆ ಅಪ್ಪನ ಪಹಣಿ ಪುಸ್ತಕವೇ ಮೊದಲ ಪಾಠವಾದ ಕಥೆ ಇದು.

‘ಲ್ಯಾಪ್‌ಟಾಪ್ ಆನ್ ಮಾಡಿದ್ದು ಯಾರು?’

ವಕೀಲರು ಕೇಳಿದ್ದು ಇಷ್ಟೇ. ಮೀಟಿಂಗ್ ರೂಮಿನಲ್ಲಿ ಏಳು ಜನ ಇದ್ದೆವು. ಆರೂ ಜನ ನನ್ನ ಕಡೆ ತಿರುಗಿದರು.

ಐದಾರು ವರ್ಷದ ಹಿಂದಿನ ಮಾತು. ಆಗ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಸಿಸ್ಟಮ್ ಅಡ್ಮಿನ್. ರಾಜೀನಾಮೆ ಕೊಟ್ಟು ಹೋದ ಉದ್ಯೋಗಿಯೊಬ್ಬರು ಗ್ರಾಹಕರ ಪಟ್ಟಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿದ್ದಾರೆ ಎಂದು ಗುಮಾನಿ. ಅವರು ಒಪ್ಪಿಸಿ ಹೋದ ಲ್ಯಾಪ್‌ಟಾಪ್ ನನ್ನ ಮೇಜಿಗೆ ಬಂತು. ‘ಸ್ವಲ್ಪ ನೋಡಿ ಹೇಳಿ’ ಅಂದರು. ನೋಡಿದೆ. ಆನ್ ಮಾಡಿ, ಲಾಗಿನ್ ಆಗಿ, ಅನುಮಾನ ಬಂದ ಫೈಲುಗಳನ್ನೆಲ್ಲ ಒಂದೊಂದಾಗಿ ತೆರೆದೆ. ಕೆಲವನ್ನು ಡೆಸ್ಕ್‌ಟಾಪಿಗೆ ಎಳೆದಿಟ್ಟೆ. ನಡುವೆ ಬಂದ ವಿಂಡೋಸ್ ಅಪ್‌ಡೇಟಿಗೂ ಹೂಂ ಅಂದೆ. ಕೊನೆಗೆ ನನ್ನದೇ ಪೆನ್‌ಡ್ರೈವ್ ಚುಚ್ಚಿ ಬೇಕಾದ್ದನ್ನೆಲ್ಲ ಕಾಪಿ ಮಾಡಿಕೊಂಡೆ. ಪೆನ್‌ಡ್ರೈವಿನ ಕಳ್ಳತನ ಪತ್ತೆಮಾಡಲು ಇನ್ನೊಂದು ಪೆನ್‌ಡ್ರೈವ್!

ವಕೀಲರು ಬೈಯಲಿಲ್ಲ. ‘ಈಗ ಆ ಯಂತ್ರದಲ್ಲಿರುವ ಹೆಜ್ಜೆಗಳಲ್ಲಿ ಅವರದ್ದೆಷ್ಟು, ನಿಮ್ಮದೆಷ್ಟು ಅಂತ ಪಾಟೀಸವಾಲಿನಲ್ಲಿ ಕೇಳಿದರೆ ಏನು ಹೇಳ್ತೀರಿ?’ ಅಂದರು. ನನ್ನ ಬಳಿ ಉತ್ತರವಿರಲಿಲ್ಲ. ವಿಷಯ ಅಲ್ಲಿಗೇ ನಿಂತಿತು. ಆ ಉದ್ಯೋಗಿ ತಪ್ಪು ಮಾಡಿದ್ದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಮಾಡಿದ್ದರೆ ದಕ್ಕಿಸಿಕೊಂಡರು. ಮಾಡಿರದಿದ್ದರೆ ಆ ಅಪವಾದ ಅವರ ತಲೆಯ ಮೇಲಿಂದ ಇಳಿಯಲೇ ಇಲ್ಲ. ಎರಡರಲ್ಲಿ ಯಾವುದು ನಿಜವಾದರೂ ಕಾರಣ ನಾನೇ.

ಅಪ್ಪನ ಅಡ್ಡಗೀಟು

ಆ ವಾರ ತಿಪಟೂರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿಕೊಂಡೆ. ಅಪ್ಪ ನಿವೃತ್ತ ಗ್ರಾಮಲೆಕ್ಕಿಗ. ‘ಭೂಮಿ’ ಬಂದು ಪಹಣಿಗಳೆಲ್ಲ ಕಂಪ್ಯೂಟರ್ ಸೇರುವ ಮೊದಲು ವರ್ಷಗಟ್ಟಲೆ ಅವನ್ನು ಕೈಯಲ್ಲೇ ಬರೆದವರು. ಲ್ಯಾಪ್‌ಟಾಪು, ಲಾಗಿನ್ನು ಅವರಿಗೆ ಬೇಕಿರಲಿಲ್ಲ. ಕಥೆ ಮುಗಿಯುವ ಮೊದಲೇ ವಿಷಯ ಹಿಡಿದರು.

‘ತಪ್ಪಾದ್ರೂ ಅಳಿಸ್ಬಾರ್ದು ಕಣೋ. ಅಡ್ಡಗೀಟು ಎಳೀಬೇಕು, ಮೇಲೆ ಸರಿಯಾದ್ದು ಬರೀಬೇಕು, ಪಕ್ಕದಲ್ಲಿ ಸಣ್ಣ ಸೈನು, ತಾರೀಖು. ಯಾಕೆ ತಿದ್ದಿದೆ ಅಂತ ಒಂದು ಷರಾ. ಮೊದಲು ಏನಿತ್ತು ಅನ್ನೋದು ನಾಳೆ ಬಂದೋನಿಗೆ ಕಾಣ್ಬೇಕು. ನೀನು ಪುಸ್ತಕದ ಮೇಲೇ ಓಡಾಡಿ ಬಂದಿದೀಯ.’

ಕಂಪ್ಯೂಟರ್ ಫೊರೆನ್ಸಿಕ್ಸ್ ಎಂಬ ಶಾಸ್ತ್ರದ ಅರ್ಧದಷ್ಟನ್ನು ಅಪ್ಪ ಅಡಿಕೆ ಕತ್ತರಿಸುತ್ತ ಹೇಳಿ ಮುಗಿಸಿದ್ದರು. ಇನ್ನರ್ಧ ಕಲಿಯಲು ನನಗೆ ಎರಡು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಯಾವ ಪರೀಕ್ಷೆ?

ಈ ವಿದ್ಯೆಗೆ ಸರ್ಟಿಫಿಕೇಟು ಕೊಡುವವರು ಹಲವರಿದ್ದಾರೆ. ನಮ್ಮಲ್ಲಿ ಹೆಚ್ಚು ಕಿವಿಗೆ ಬೀಳುವುದು ಇಸಿ-ಕೌನ್ಸಿಲ್‌ನ ‘ಸಿಎಚ್‌ಎಫ್‌ಐ’. ನಾಲ್ಕು ಗಂಟೆಯಲ್ಲಿ 150 ಪ್ರಶ್ನೆ, ಎಲ್ಲವೂ ಉತ್ತರ ಆರಿಸುವಂಥವು. ಇನ್ನೊಂದು ಸ್ಯಾನ್ಸ್ ಸಂಸ್ಥೆಯ ತರಬೇತಿಗೆ ಹೊಂದಿಕೊಂಡಿರುವ ‘ಜಿಸಿಎಫ್‌ಇ’. ಅದರ ತಮಾಷೆಯೆಂದರೆ ಪರೀಕ್ಷೆಗೆ ಪುಸ್ತಕ ತೆಗೆದುಕೊಂಡು ಹೋಗಬಹುದು. ಹಾಗಂತ ಹಿಗ್ಗಿ ಹೋದವರು ಮೂರು ಗಂಟೆಯೂ ಪುಟ ತಿರುವುತ್ತ ಕೂರುತ್ತಾರೆ. ತಿಳಿದವರು ತಿಂಗಳುಗಟ್ಟಲೆ ಕೂತು, ಯಾವ ಪದ ಯಾವ ಪುಸ್ತಕದ ಎಷ್ಟನೇ ಪುಟದಲ್ಲಿದೆ ಎಂದು ತಮ್ಮದೇ ಅಕಾರಾದಿ ಮಾಡಿಕೊಳ್ಳುತ್ತಾರೆ. ಆ ಅಕಾರಾದಿ ಮುಗಿಯುವ ಹೊತ್ತಿಗೆ ಪುಸ್ತಕವೇ ತಲೆಗೆ ಹೋಗಿರುತ್ತದೆ. ಆದರೆ ಅದರ ತರಬೇತಿ ಶುಲ್ಕ ರೂಪಾಯಿಗೆ ತಿರುಗಿಸಿದರೆ ಲಕ್ಷಗಳ ಲೆಕ್ಕ. ಕಂಪನಿ ಕಟ್ಟಿದರೆ ಉಂಟು, ಇಲ್ಲದಿದ್ದರೆ ಇಲ್ಲ. ‘ಎನ್‌ಕೇಸ್’ ಎಂಬ ತಂತ್ರಾಂಶ ಬಳಸುವವರಿಗೆ ‘ಎನ್‌ಸಿಇ’ ಇದೆ. ಅಲ್ಲಿ ಮೊದಲು ಪ್ರಶ್ನೋತ್ತರ, ಆಮೇಲೆ ಮನೆಯಲ್ಲೇ ಕೂತು ಬಿಡಿಸಬೇಕಾದ ಒಂದು ಪ್ರಕರಣ.

ನಾನು ಕೊನೆಗೆ ನಿಂತದ್ದು ‘ಸಿಎಫ್‌ಸಿಇ’ ಮುಂದೆ. ಇದನ್ನು ಕೊಡುವುದು ‘ಐಎಸಿಐಎಸ್’ ಎಂಬ ಸಂಘ. 1990ರಲ್ಲಿ ಅಮೆರಿಕದಲ್ಲಿ, ಪೊಲೀಸರಿಗೆ ಕಂಪ್ಯೂಟರ್ ತನಿಖೆ ಕಲಿಸಲು ಹುಟ್ಟಿದ್ದು. ಆಗ ಖಾಕಿಗಷ್ಟೇ ಇದ್ದ ಬಾಗಿಲು ಈಗ ಹೊರಗಿನವರಿಗೂ ತೆರೆದಿದೆ. ನಿಗದಿತ ತರಬೇತಿ ಮುಗಿಸಿರಬೇಕು, ಪೂರ್ವಾಪರ ವಿಚಾರಿಸಿಕೊಳ್ಳಲು ಒಪ್ಪಬೇಕು. ಎರಡು ಹಂತ. ಮೊದಲ ಹಂತದಲ್ಲಿ ನಾಲ್ಕು ಪ್ರಾಯೋಗಿಕ ಸಮಸ್ಯೆ, ಒಂದೊಂದಕ್ಕೂ ಒಂದು ತಿಂಗಳು. ತಿದ್ದಿ ತೋರಿಸಲು ಒಬ್ಬ ಕೋಚ್ ಇರುತ್ತಾರೆ. ಎರಡನೆಯದರಲ್ಲಿ ಒಂದು ಇಡೀ ಹಾರ್ಡ್‌ಡಿಸ್ಕ್, ಜತೆಗೊಂದು ಲಿಖಿತ ಪರೀಕ್ಷೆ. ಅಲ್ಲಿ ಕೋಚ್ ಇಲ್ಲ, ಸ್ನೇಹಿತರಿಲ್ಲ. ಯಾರನ್ನಾದರೂ ಕೇಳಿದ್ದು ಗೊತ್ತಾದರೆ ಹೊರಕ್ಕೆ. ನೂರಕ್ಕೆ ಎಂಬತ್ತು ಬಂದರೆ ಪಾಸು.

ಟಿಕ್ ಹಾಕುವ ಪರೀಕ್ಷೆಯಲ್ಲಿ ಪಾಸಾಗುವುದು ನನಗೆ ಕಷ್ಟವಿರಲಿಲ್ಲ. ಆದರೆ ತಪ್ಪು ಮಾಡಿದ್ದು ಕೈ. ಪರೀಕ್ಷೆಯೂ ಕೈಗೇ ಆಗಲಿ ಅಂದುಕೊಂಡೆ.

ಮೊದಲಕ್ಷರ ಹೋದ ಫೈಲು

ಆ ಪರೀಕ್ಷೆಯ ಸಮಸ್ಯೆಗಳನ್ನು ಹೊರಗೆ ಹೇಳುವಂತಿಲ್ಲ. ಆದ್ದರಿಂದ ಅಭ್ಯಾಸಕ್ಕೆಂದು ಮನೆಯಲ್ಲಿ ಮಾಡಿದ್ದನ್ನು ಹೇಳುತ್ತೇನೆ.

ಡ್ರಾಯರಿನಲ್ಲಿ ಬಿದ್ದಿದ್ದ 2 ಜಿಬಿಯ ಹಳೆಯ ಪೆನ್‌ಡ್ರೈವ್. ಅದನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಊರ ಜಾತ್ರೆಯ ಹತ್ತು ಫೋಟೊ ತುಂಬಿ, ಅಷ್ಟನ್ನೂ ಡಿಲೀಟ್ ಮಾಡಿದೆ. ತೆರೆದರೆ ಖಾಲಿ.

ಈಗ ಅದನ್ನು ಹಾಗೇ ಕಂಪ್ಯೂಟರಿಗೆ ಚುಚ್ಚುವಂತಿಲ್ಲ. ಚುಚ್ಚಿದ ಕೂಡಲೇ ಕಂಪ್ಯೂಟರ್ ತನ್ನ ಒಂದೆರಡು ಸಾಲನ್ನು ಅದರ ಮೇಲೆ ಬರೆದುಬಿಡಬಹುದು. ನಡುವೆ ‘ರೈಟ್ ಬ್ಲಾಕರ್’ ಎಂಬ ಅಂಗೈಯಗಲದ ಡಬ್ಬಿ ಬೇಕು. ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಅದರ ಮೂಲಕ ಪೆನ್‌ಡ್ರೈವಿನ ಮೊದಲ ಬಿಟ್‌ನಿಂದ ಕೊನೆಯ ಬಿಟ್‌ವರೆಗೆ, ಖಾಲಿ ಜಾಗವನ್ನೂ ಸೇರಿಸಿ, ಪಡಿಯಚ್ಚು ತೆಗೆಯಬೇಕು. ಇದಕ್ಕೆ ‘ಇಮೇಜ್’ ಅನ್ನುತ್ತಾರೆ. ಮೂಲವನ್ನು ಕವರಿಗೆ ಹಾಕಿ ಮೊಹರು ಮಾಡಿದರೆ ಮುಗಿಯಿತು, ಮುಂದಿನದೆಲ್ಲ ಇಮೇಜಿನ ಮೇಲೆಯೇ.

ನಕಲು ಅಸಲಿನಂತೆಯೇ ಇದೆ ಎಂದು ನಂಬುವುದು ಹೇಗೆ? ಅಲ್ಲಿ ಬರುವುದು ‘ಹ್ಯಾಶ್’. ಇಡೀ ಡ್ರೈವನ್ನು ಒಂದು ಲೆಕ್ಕದ ಗಾಣಕ್ಕೆ ಹಾಕಿ ತೆಗೆದ ಸಂಖ್ಯೆ ಅದು. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಾದರೆ 64 ಅಕ್ಷರದ ಉದ್ದ. ಪರೀಕ್ಷಿಸಲೆಂದು ಇಮೇಜಿನ ಒಂದು ಪ್ರತಿಯಲ್ಲಿ ಒಂದೇ ಒಂದು ಅಕ್ಷರ ಬದಲಿಸಿ ಮತ್ತೆ ಲೆಕ್ಕ ಹಾಕಿದೆ. 64ರಲ್ಲಿ ಒಂದೋ ಎರಡೋ ಬದಲಾಗಬಹುದು ಅಂದುಕೊಂಡಿದ್ದೆ. ಹೊಸ ಸಾಲಿಗೂ ಹಳೆಯ ಸಾಲಿಗೂ ಯಾವ ನೆಂಟಸ್ತಿಕೆಯೂ ಕಾಣಲಿಲ್ಲ. ಅರಗಿನ ಮೊಹರನ್ನು ಕಾಯಿಸಿ ಅಂಟಿಸುವ ಚಾಲಾಕಿಗಳುಂಟು. ಈ ಮೊಹರು ಹಾಗೆಲ್ಲ ಬಗ್ಗುವುದಿಲ್ಲ.

ಆಮೇಲೆ ಇಮೇಜನ್ನು ತೆರೆದು ಬರೀ ಸಂಖ್ಯೆಗಳ ಸಾಲುಗಳನ್ನು ನೋಡುತ್ತ ಹೋದೆ. ಫ್ಯಾಟ್ ವ್ಯವಸ್ಥೆಯಲ್ಲಿ ಪ್ರತಿ ಫೈಲಿಗೂ 32 ಬೈಟಿನ ಒಂದು ಸಾಲು ಇರುತ್ತದೆ. ನಮ್ಮ ಹಾಜರಿ ಪುಸ್ತಕದ ಹಾಗೆ. ಡಿಲೀಟ್ ಎಂದಾಗ ಆ ಸಾಲು ಅಳಿಯುವುದಿಲ್ಲ. ಹೆಸರಿನ ಮೊದಲಕ್ಷರದ ಜಾಗಕ್ಕೆ ‘ಇ5’ ಎಂಬ ಗುರುತು ಬೀಳುತ್ತದೆ, ಅಷ್ಟೇ. ಇಂಗ್ಲಿಷ್ ಅಕ್ಷರಗಳಲ್ಲಿ ‘ಜಾತ್ರೆ’ ಎಂದು ಹೆಸರಿಟ್ಟಿದ್ದ ನನ್ನ ಫೋಟೊ ‘ಜೆ’ಯನ್ನು ಕಳೆದುಕೊಂಡು ‘ಎ-ಟಿ-ಆರ್-ಇ’ ಆಗಿ ಕೂತಿತ್ತು. ಗಾತ್ರ ಹಾಗೇ ಇತ್ತು, ತಾರೀಖು ಹಾಗೇ ಇತ್ತು. ಅಪ್ಪ ಹೇಳಿದ ಅಡ್ಡಗೀಟನ್ನು ಯಂತ್ರವೂ ಎಳೆಯುತ್ತದೆ ಎಂದು ಗೊತ್ತಾದದ್ದು ಆಗ. ಜೆಪೆಗ್ ಚಿತ್ರ ‘ಎಫ್‌ಎಫ್ ಡಿ8’ ಎಂದು ಶುರುವಾಗಿ ‘ಎಫ್‌ಎಫ್ ಡಿ9’ ಎಂದು ಮುಗಿಯುತ್ತದೆ. ಆದಿ, ಅಂತ್ಯ ಹಿಡಿದು ನಡುವಿನದನ್ನು ಕೊಯ್ದು ತೆಗೆದೆ. ತೇರು ಎದ್ದು ಬಂತು. ರಾತ್ರಿ ಒಂದೂವರೆಗೆ ನಾನು ಹಾಕಿದ ಕೂಗಿಗೆ ಮನೆಯವಳು ಎದ್ದು ಬಂದಳು.

ಮೇಲೆ ಹೊಸ ಫೈಲು ಬಂದು ಕೂತರೂ ಹಳೆಯದು ಪೂರ್ತಿ ಹೋಗುವುದಿಲ್ಲ. ಡಿಸ್ಕಿನಲ್ಲಿ ಜಾಗವನ್ನು ಸೈಟುಗಳ ಹಾಗೆ ಹಂಚುತ್ತಾರೆ. ಮೂವತ್ತು ನಲವತ್ತರ ಸೈಟಿನಲ್ಲಿ ಹಳೆ ಮನೆ ಕೆಡವಿ ಮುಂದುಗಡೆ ಒಂದು ರೂಮಷ್ಟೇ ಕಟ್ಟಿಕೊಂಡರೆ, ಹಿತ್ತಲಲ್ಲಿ ಹಳೆ ಮನೆಯ ಪಾಯ, ಒಲೆಯ ಗೋಡೆ ಉಳಿದಿರುತ್ತದಲ್ಲ, ಅದಕ್ಕೆ ‘ಸ್ಲ್ಯಾಕ್’ ಎಂದು ಹೆಸರು. ಈಗಿನ ಎಸ್‌ಎಸ್‌ಡಿಗಳಲ್ಲಿ ಈ ಭಾಗ್ಯ ಕಡಿಮೆ. ‘ಟ್ರಿಮ್’ ಎಂಬ ಆಜ್ಞೆ ಬಂದರೆ ಡಿಸ್ಕು ಹಿತ್ತಲನ್ನೂ ತಾನೇ ಗುಡಿಸಿಬಿಡುತ್ತದೆ.

ಹೆಸರು ಸಿಕ್ಕಿತು, ಆದರೂ...

ಈ ಪಾಠ ಹೇಳುವವರೆಲ್ಲ ಒಂದಲ್ಲ ಒಂದು ದಿನ ಅಮೆರಿಕದ ವಿಚಿಟಾ ಊರಿಗೆ ಬಂದೇ ಬರುತ್ತಾರೆ. 1974ರಿಂದ 1991ರವರೆಗೆ ಅಲ್ಲಿ ಹತ್ತು ಕೊಲೆ ಮಾಡಿದ ಡೆನಿಸ್ ರೇಡರ್ ಮೂವತ್ತು ವರ್ಷ ಯಾರ ಕೈಗೂ ಸಿಕ್ಕಿರಲಿಲ್ಲ. ಪತ್ರಗಳನ್ನು ಬರೆದು ಪೊಲೀಸರನ್ನು ಕೆಣಕುವುದು ಅವನ ಚಟ. ಫ್ಲಾಪಿ ಕಳಿಸಿದರೆ ಸಿಕ್ಕಿಬೀಳುತ್ತೇನೆಯೇ ಎಂದು ಪೊಲೀಸರನ್ನೇ ಕೇಳಿದ. ಏನೂ ಆಗುವುದಿಲ್ಲ ಎಂದು ಅವರು ಪತ್ರಿಕೆಯಲ್ಲಿ ಗುಪ್ತ ಜಾಹೀರಾತು ಕೊಟ್ಟರು. ನಂಬಿದ. 2005ರ ಫೆಬ್ರುವರಿ 16ರಂದು ಟಿವಿ ಚಾನೆಲೊಂದಕ್ಕೆ ಅವನ ಫ್ಲಾಪಿ ಬಂತು. ಅದರಲ್ಲಿ ಅಳಿಸಿದ್ದ ವರ್ಡ್ ಫೈಲನ್ನು ಎನ್‌ಕೇಸ್‌ನಲ್ಲಿ ತೆರೆದಾಗ ಎರಡು ವಿವರ ಸಿಕ್ಕವು: ಒಂದು ಚರ್ಚಿನ ಹೆಸರು, ಕೊನೆಗೆ ತಿದ್ದಿದವರ ಜಾಗದಲ್ಲಿ ‘ಡೆನಿಸ್’. ಆ ಚರ್ಚಿನ ಆಡಳಿತ ಮಂಡಳಿಯ ಅಧ್ಯಕ್ಷನೇ ಡೆನಿಸ್ ರೇಡರ್. ಒಂಬತ್ತನೆಯ ದಿನಕ್ಕೆ ಬಂಧನ.

ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ಹೊಡೆಯುತ್ತಾರೆ. ನನಗೆ ಮುಖ್ಯ ಅನಿಸಿದ್ದು ನಡುವಿನ ಆ ದಿನಗಳು. ಹೆಸರು ಸಿಕ್ಕಮೇಲೂ ಪೊಲೀಸರು ನೇರ ಮನೆಗೆ ನುಗ್ಗಲಿಲ್ಲ. ಅವನ ಮಗಳ ಹಳೆಯ ವೈದ್ಯಕೀಯ ಮಾದರಿಯಿಂದ ಡಿಎನ್‌ಎ ತೆಗೆಸಿ, ಕೊಲೆಯಾದ ಸ್ಥಳದಲ್ಲಿ ಸಿಕ್ಕಿದ್ದರ ಜತೆ ತಾಳೆ ನೋಡಿದರು. ಡೆನಿಸ್ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಟೈಪ್ ಮಾಡಿರಬಹುದು. ಫ್ಲಾಪಿ ಮನೆಯನ್ನು ತೋರಿಸಿತು, ಮನುಷ್ಯನನ್ನು ತೋರಿಸಿದ್ದು ಡಿಎನ್‌ಎ.

ಎರಡು ಗಡಿಯಾರ

ಅಭ್ಯಾಸದಲ್ಲಿ ನನ್ನನ್ನು ಹೆಚ್ಚು ಸಲ ಬೀಳಿಸಿದ್ದು ಸಮಯ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕು 1601ರ ಜನವರಿ 1ರಿಂದ ಎಣಿಸುತ್ತ ಬಂದ ‘ಯುಟಿಸಿ’ ಎಂಬ ಜಾಗತಿಕ ಸಮಯ ಬರೆದಿಡುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಜೂನ್ 12ರ ನಡುರಾತ್ರಿ 12.15ಕ್ಕೆ ಬೆಂಗಳೂರಿನಲ್ಲಿ ತಿದ್ದಿದ ಫೈಲು ಡಿಸ್ಕಿನ ಲೆಕ್ಕದಲ್ಲಿ ಜೂನ್ 11ರ ಸಂಜೆ 6.45ರದ್ದು. ‘11ನೇ ತಾರೀಖು ಸಂಜೆ ನಾನು ಮದುವೆ ಮನೆಯಲ್ಲಿದ್ದೆ’ ಎಂದು ಆರೋಪಿ ಹೇಳಿ, ತನಿಖೆ ಮಾಡಿದವನು ಐದೂವರೆ ಗಂಟೆ ಕೂಡಿಸುವುದನ್ನು ಮರೆತಿದ್ದರೆ ಮುಗಿಯಿತು. ಪೆನ್‌ಡ್ರೈವಿನ ಫ್ಯಾಟ್ ಮಾತ್ರ ಗೋಡೆ ಗಡಿಯಾರದಂತೆ, ಕಂಪ್ಯೂಟರಿನಲ್ಲಿ ಎಷ್ಟು ತೋರುತ್ತಿತ್ತೋ ಅಷ್ಟೇ ಬರೆದುಕೊಳ್ಳುತ್ತದೆ. ಅದೂ ತಿದ್ದಿದ ಹೊತ್ತನ್ನು ಎರಡೆರಡು ಸೆಕೆಂಡಿನ ಹೆಜ್ಜೆಯಲ್ಲಿ. ಕೊನೆಗೆ ತೆರೆದದ್ದಕ್ಕೆ ಬರೀ ತಾರೀಖು, ಗಂಟೆಯಿಲ್ಲ.

ಇನ್ನೊಂದು ಚೋದ್ಯ: ಹುಟ್ಟುವ ಮೊದಲೇ ತಿದ್ದಿಸಿಕೊಂಡ ಫೈಲು. ವಿಂಡೋಸ್‌ನಲ್ಲಿ ಫೈಲನ್ನು ಕಾಪಿ ಮಾಡಿದರೆ ಹೊಸ ಪ್ರತಿಗೆ ಹುಟ್ಟಿದ ಹೊತ್ತು ಹೊಸದಾಗಿ ಬೀಳುತ್ತದೆ, ತಿದ್ದಿದ ಹೊತ್ತು ಹಳೆಯದೇ ಉಳಿಯುತ್ತದೆ. ಜನ್ಮದಿನಕ್ಕಿಂತ ತಿದ್ದುಪಡಿ ಹಿಂದಿನದಾಗಿದ್ದರೆ ಅದು ಬೇರೆಲ್ಲಿಂದಲೋ ಬಂದ ನಕಲು ಎಂದು ಅನುಮಾನಿಸಬೇಕು. ಅದರ ಜತೆ, ಯಾವ ಪೆನ್‌ಡ್ರೈವ್ ಚುಚ್ಚಿದ್ದರು ಎಂಬುದರ ಸೀರಿಯಲ್ ನಂಬರು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಉಳಿದಿರುತ್ತದೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ಮೀಟಿಂಗ್ ರೂಮಿನ ಪ್ರಶ್ನೆಗೆ ಉತ್ತರ ಆ ಲ್ಯಾಪ್‌ಟಾಪಿನಲ್ಲೇ ಇತ್ತು. ಆನ್ ಮಾಡದೆ, ಇಮೇಜ್ ತೆಗೆದು ನೋಡಿದ್ದರೆ ಆ ಉದ್ಯೋಗಿ ಕಳ್ಳರೋ ಅಲ್ಲವೋ ಎಂಬುದರ ಹತ್ತಿರಕ್ಕಾದರೂ ಹೋಗಬಹುದಿತ್ತು.

ಕೋಚ್ ಬರೆದ ಷರಾ

ಪರೀಕ್ಷೆಗೆ ಬರೆದ ನನ್ನ ಮೊದಲ ವರದಿ ವಾಪಸು ಬಂತು. ಹುಡುಕಬೇಕಾದ್ದನ್ನು ನಾನು ಹುಡುಕಿದ್ದೆ. ತಕರಾರು ಇದ್ದದ್ದು ಭಾಷೆಯ ಬಗ್ಗೆ. ಯಾವುದೋ ದೇಶದಲ್ಲಿದ್ದ, ನಾನು ಮುಖ ನೋಡಿರದ ಕೋಚ್ ಸಾಲುಸಾಲಿಗೂ ಕೇಳಿದ್ದರು. ‘ಆತ ಫೈಲನ್ನು ತೆರೆದ ಎಂದು ಬರೆದಿದ್ದೀರಿ. ಆತ ಎಂದು ನಿಮಗೆ ಹೇಗೆ ಗೊತ್ತು? ಕುರ್ಚಿಯ ಹಿಂದೆ ನಿಂತಿದ್ದಿರಾ?’

ಆತನ ಹೆಸರಿನ ಅಕೌಂಟಿನಿಂದ ಫೈಲು ತೆರೆಯಲ್ಪಟ್ಟಿದೆ. ನಾನು ಹೇಳಬಹುದಾದ್ದು ಅಷ್ಟೇ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಡುವ ಆಫೀಸುಗಳನ್ನು ನಾನೇ ನೋಡಿದ್ದೇನೆ. ‘ಸ್ಪಷ್ಟವಾಗಿ’, ‘ಖಂಡಿತವಾಗಿ’ ಎಂಬ ಪದಗಳ ಮೇಲೆಲ್ಲ ಗೆರೆ ಬಿದ್ದಿತ್ತು. ಯಾವ ತಂತ್ರಾಂಶದ ಎಷ್ಟನೇ ಆವೃತ್ತಿ ಬಳಸಿದೆ, ಯಾವ ಹೆಜ್ಜೆಯ ನಂತರ ಯಾವುದು, ಎರಡನೆಯ ತಂತ್ರಾಂಶದಲ್ಲಿ ಹಾಕಿ ನೋಡಿದಾಗ ಅದೇ ಉತ್ತರ ಬಂತೇ? ಎಲ್ಲವನ್ನೂ ಬರೆಯಬೇಕು. ಬೇರೊಬ್ಬ ಪರೀಕ್ಷಕ ನನ್ನ ಟಿಪ್ಪಣಿ ಹಿಡಿದು ಅದೇ ದಾರಿಯಲ್ಲಿ ನಡೆದರೆ ಅದೇ ಜಾಗಕ್ಕೆ ತಲುಪಬೇಕು.

ನಾಲ್ಕನೇ ಸಮಸ್ಯೆ ಮುಗಿಯುವ ಹೊತ್ತಿಗೆ ನನ್ನ ಮಾತೂ ಬದಲಾಗಿತ್ತು. ‘ಮಗ ಹಾಲು ಕುಡಿದನಾ?’ ಎಂದು ಮನೆಯವಳು ಕೇಳಿದರೆ ‘ಲೋಟ ಖಾಲಿಯಾಗಿದೆ’ ಅನ್ನುತ್ತಿದ್ದೆ.

ಕೋರ್ಟು ಕೇಳುವ ಇನ್ನೊಂದು ಸರ್ಟಿಫಿಕೇಟು

ಹಾರ್ಡ್‌ಡಿಸ್ಕಿನ ಹಂತ ಮುಗಿದು, ಲಿಖಿತವೂ ಮುಗಿದು, ಪಾಸಾಗಿದ್ದೀರಿ ಎಂಬ ಮೇಲ್ ಬಂತು. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಹೊಸದನ್ನು ಕಲಿಯುತ್ತಿದ್ದೇನೆಂದು ತೋರಿಸಬೇಕು, ಮತ್ತೊಂದು ಪರೀಕ್ಷೆಯನ್ನೂ ಎದುರಿಸಬೇಕು. ಸರ್ಟಿಫಿಕೇಟನ್ನು ಫ್ರೇಮ್ ಹಾಕಿಸಿದೆ. ಆಮೇಲೆ ಗೊತ್ತಾಯಿತು, ನಮ್ಮ ಕೋರ್ಟುಗಳಿಗೆ ಬೇಕಾದ ಸರ್ಟಿಫಿಕೇಟೇ ಬೇರೆ.

2014ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಕೇರಳದ ಒಂದು ಚುನಾವಣಾ ತಕರಾರು ಇತ್ತು, ಅನ್ವರ್ ಮತ್ತು ಬಷೀರ್ ನಡುವಿನದು. ಸೋತವರು ಸಾಕ್ಷಿಯಾಗಿ ಸಿ.ಡಿ.ಗಳನ್ನು ಕೊಟ್ಟಿದ್ದರು. ಸಾಕ್ಷ್ಯ ಕಾಯ್ದೆಯ ಕಲಂ 65ಬಿ ಕೇಳುವ ಪ್ರಮಾಣಪತ್ರ ಅವುಗಳ ಜತೆಗಿರಲಿಲ್ಲ. ಕೋರ್ಟು ಆ ಸಿ.ಡಿ.ಗಳನ್ನು ಪರಿಗಣಿಸಲೇ ಇಲ್ಲ. 2020ರಲ್ಲಿ ಮಹಾರಾಷ್ಟ್ರದ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣ ಬಂತು. ನಾಮಪತ್ರ ಸಲ್ಲಿಸಿದ್ದು ಹೊತ್ತು ಮೀರಿಯೋ ಅಲ್ಲವೋ ಎಂಬ ಜಗಳ. ಸಾಕ್ಷಿ ಚುನಾವಣಾಧಿಕಾರಿಯ ಕಚೇರಿಯ ವಿಡಿಯೊ. ಮೂಲ ಯಂತ್ರವನ್ನೇ ತಂದು ಹಾಜರುಪಡಿಸದಿದ್ದರೆ ಈ ಪ್ರಮಾಣಪತ್ರ ಕಡ್ಡಾಯ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಖಚಿತಪಡಿಸಿತು.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದು 65ಬಿ ಜಾಗಕ್ಕೆ ಕಲಂ 63 ಬಂದಿದೆ. ಕಾಯ್ದೆಯ ಕೊನೆಗೆ ಪ್ರಮಾಣಪತ್ರದ ನಮೂನೆಯನ್ನೇ ಕೊಟ್ಟಿದ್ದಾರೆ. ‘ಎ’ ಭಾಗವನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ‘ಬಿ’ ಭಾಗವನ್ನು ತಜ್ಞರು. ಎರಡರಲ್ಲೂ ಹ್ಯಾಶ್ ಬರೆಯಲು ಜಾಗವಿದೆ. ಅದೇ ದಿನ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 176, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದಲ್ಲಿಗೆ ಫೊರೆನ್ಸಿಕ್ ತಜ್ಞರು ಹೋಗಲೇಬೇಕು ಎನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಗಡುವು. ಅಷ್ಟು ಜನ ತಜ್ಞರು ಎಲ್ಲಿಂದ ಬರಬೇಕು? ಈ ವಿದ್ಯೆಗೆ ಈಗ ಬಂದಿರುವ ಬೇಡಿಕೆಯ ಗುಟ್ಟು ಇಲ್ಲಿದೆ.

ನಮ್ಮ ರಾಜ್ಯಕ್ಕೆ ಇದು ಹೊಸತೇನಲ್ಲ. ದೇಶದ ಮೊದಲ ಸೈಬರ್ ಅಪರಾಧ ಠಾಣೆ ಶುರುವಾದದ್ದು 2001ರಲ್ಲಿ, ಬೆಂಗಳೂರಿನಲ್ಲಿ. ಆಮೇಲೆ ಜಿಲ್ಲೆಗಳಲ್ಲೂ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ‘ಸಿಇಎನ್’ ಠಾಣೆಗಳು ಬಂದವು. ಪೊಲೀಸರಿಗೆ, ನ್ಯಾಯಾಂಗದವರಿಗೆ ಕಲಿಸಲು ಸಿಐಡಿಯಲ್ಲೇ ಒಂದು ತರಬೇತಿ ಕೇಂದ್ರವಿದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಧಾರವಾಡಕ್ಕೂ ಬಂದಿದೆ. ಲಕ್ಷ ಕೊಟ್ಟು ಸೇರುವ ಮೊದಲು ಈ ಕೆಲಸ ನಿಮಗೆ ಒಗ್ಗುತ್ತದೆಯೇ ನೋಡಬೇಕೆಂದರೆ, ಒಂದು ಹಳೆ ಪೆನ್‌ಡ್ರೈವ್, ‘ಆಟೊಪ್ಸಿ’ ಎಂಬ ಉಚಿತ ತಂತ್ರಾಂಶ, ಮೂರು ಭಾನುವಾರ ಸಾಕು. ಡಿಲೀಟ್ ಆದದ್ದು ಸಿಕ್ಕಿದಾಗ ಎಲ್ಲರಿಗೂ ಖುಷಿಯಾಗುತ್ತದೆ. ಆಮೇಲೆ ಕೂತು ಅದನ್ನು ಹೇಗೆ ಕಂಡೆ ಎಂದು ಹನ್ನೆರಡು ಪುಟ ಬರೆಯುವಾಗಲೂ ಆಕಳಿಕೆ ಬರದಿದ್ದರೆ ನೀವು ಈ ಕಡೆಯವರು.

ಒಂದು ಮಾತು ನೆನಪಿರಲಿ. ಪಾಸಾದ ಮಾತ್ರಕ್ಕೆ ಸರ್ಕಾರಿ ಪರೀಕ್ಷಕರಾಗುವುದಿಲ್ಲ. ಐಟಿ ಕಾಯ್ದೆಯ 79ಎ ಅಡಿ ಆ ಮಾನ್ಯತೆ ಸಿಗುವುದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರಯೋಗಾಲಯಗಳಿಗೆ. ಸಾಕ್ಷಿಕಟ್ಟೆ ಹತ್ತಿದಾಗ ನಿಮ್ಮ ಸರ್ಟಿಫಿಕೇಟು ಮೊದಲ ಎರಡು ಪ್ರಶ್ನೆಗಳಿಗೆ ಉತ್ತರವಾದೀತು. ಮೂರನೆಯ ಪ್ರಶ್ನೆ ‘ಆನ್ ಮಾಡಿದ್ದು ಯಾರು?’

ಇಂಥವರ ಮಗ

ಹೋದ ವರ್ಷ ನನ್ನ ಪಾಲಿಗೆ ಮೊದಲ ‘ಬಿ’ ಭಾಗ ಬಂತು. ಪ್ರಕರಣ ಸಣ್ಣದು. ಮೇಜಿನ ಮೇಲೆ ಮೊಹರಾದ ಕವರು, ಅದರ ಪಕ್ಕ ನಮೂನೆ. ಸಹೋದ್ಯೋಗಿ ಪರದೆ ನೋಡಿ ಹ್ಯಾಶನ್ನು ನಾಲ್ಕು ನಾಲ್ಕು ಅಕ್ಷರವಾಗಿ ಓದುತ್ತ ಹೋದಳು, ನಾನು ಕಾಗದದ ಮೇಲೆ ಬೆರಳಿಟ್ಟು ತಾಳೆ ನೋಡುತ್ತ ಹೋದೆ. ಹದಿನಾರು ಸಲ ‘ಸರಿ’ ಎಂದ ಮೇಲೆ 64 ಮುಗಿಯಿತು.

ಪೆನ್ನು ತೆಗೆದುಕೊಂಡು ಮೇಲಿಂದ ಓದಿದೆ. ನನ್ನ ಸರ್ಟಿಫಿಕೇಟಿನ ಸಂಖ್ಯೆ ಬರೆಯಲು ಕಾಲಂ ಹುಡುಕಿದೆ. ಇರಲಿಲ್ಲ. ಹೆಸರು ಬರೆದ ಮೇಲೆ ಅದು ಕೇಳುವುದು ಇಂಥವರ ಮಗ, ಮಗಳು ಅಥವಾ ಸಂಗಾತಿ ಎಂದು. ಅಪ್ಪನ ಹೆಸರು ಬರೆಯುವಾಗ ಕೈ ತಡವರಿಸಿ ಒಂದು ಅಕ್ಷರ ತಪ್ಪಿತು. ಡ್ರಾಯರಿನಲ್ಲಿ ವೈಟ್ನರ್ ಇತ್ತು.

ಅಡ್ಡಗೀಟು ಎಳೆದೆ. ಮೇಲೆ ಸರಿಯಾಗಿ ಬರೆದು, ಪಕ್ಕದಲ್ಲಿ ಸಣ್ಣ ಸೈನು ಹಾಕಿ, ತಾರೀಖು ಬರೆದೆ.